ನಡುದಂಟಿಲ್ಲದ ಎಲೆ

"ಆ ಪೊಟ್ಟಣ ಏನ್ ಮಾಡ್ದೆ?" ದೆರಾಲ್ದು ಕೇಳಿದ.

"ಒಲೆಗೆ ಹಾಕ್ದೆ."

"ಪೂರ್ತಿ?"

"ಪೂರ್ತಿ. ಬೂದಿ ಬೇಕಿತ್ತಾ ಅಣ್ಣ? ಮೊದ್ಲೇ ಹೇಳಿದ್ರೆ ಡಬ್ಬೀಲಿ ತುಂಬ್ಕೊಂಡು ಬರ್ತಿದ್ದೆ."

ಠಾಣೆಯ ರೈಟರ್ ದೆರಾಲ್ದು ಹೊಟ್ಟೆ ಕುಣಿಸಿಕೊಂಡು ನಕ್ಕ. ಇಗರ್ಜಿಯ ಎದುರಿನ ಕಲ್ಲುಬೆಂಚಿನ ಮೇಲೆ ಅವನ ಪಕ್ಕದಲ್ಲೊಂದು ಬಟ್ಟೆಚೀಲ. ಚೌಕದಲ್ಲಿ ಸಂತ ಜುವಾಂವನ ಹಬ್ಬಕ್ಕೆ ಬಣ್ಣದ ಕಾಗದ ಕಟ್ಟುತ್ತಿದ್ದರು. ಮಧ್ಯಾಹ್ನದ ಬಿಸಿಲಿಗೆ ನದಿಯಾಚೆಯ ತಂಬಾಕು ಗೋದಾಮುಗಳಿಂದ ಘಾಟು ಈ ದಡದವರೆಗೂ ಬರುತ್ತಿತ್ತು.

"ನೋಡು ಇಸಾಲ್ತೀನ, ಹೋಗಿ ಕೇಳು. ಅಷ್ಟೇ. ಬೇರೆ ಹುಚ್ಚಾಟ ಬೇಡ. ಆ ಗೋದಾಮು ಯಜಮಾನನ ಹೆಂಡ್ತಿ ಬಾಯಿಂದ ಒಂದು ಮಾತು ಬಿದ್ರೂ ಸಾಕು, ಉಳಿದಿದ್ದು ನಾನ್ ನೋಡ್ಕೋತೀನಿ."

"ಕೇಳ್ತೀನಿ. ಅಷ್ಟೇ."

ಅವಳು ಬುಟ್ಟಿ ಎತ್ತಿಕೊಂಡಳು. ಮೇಲೆ ಹಸಿ ಎಲೆಗಳ ಹೊರೆ, ತಳದಲ್ಲಿ ಆ ಪೊಟ್ಟಣ. ದೆರಾಲ್ದುವಿಗೆ ಸುಳ್ಳು ಹೇಳಿದ್ದಕ್ಕೆ ಅವಳಿಗೆ ಸ್ವಲ್ಪ ನಾಚಿಕೆಯೂ ಆಯಿತು. ಊರೆಲ್ಲ ಬಾಗಿಲು ಹಾಕಿಕೊಂಡ ದಿನ ಅಮ್ಮನ ಶವಪೆಟ್ಟಿಗೆಗೆ ಮುಂದಿನಿಂದ ಹೆಗಲು ಕೊಟ್ಟವನು ಇವನೊಬ್ಬನೇ. ಆರೋಪಿ ಸತ್ತ ಮೇಲೆ ಕಡತ ಮುಚ್ಚಿತು, ಬೀರುವಿನಲ್ಲಿದ್ದದ್ದನ್ನು ಹೇಗೂ ಬಿಸಾಡುತ್ತಾರೆ ಎಂದು ಪೊಟ್ಟಣ ತಂದುಕೊಟ್ಟವನೂ ಇವನೇ. ನೋಡಿ ಸುಟ್ಟುಬಿಡು ಎಂದಿದ್ದ. ಅವಳು ನೋಡಿದ್ದಳು, ಸುಟ್ಟಿರಲಿಲ್ಲ.

ತಂಬಾಕು ಗೋದಾಮಿನ ಯಜಮಾನ ತೆಯೊದೊಮೀರುವಿಗೆ ವಿಷದ ಕಷಾಯ ಕೊಟ್ಟು ಕೊಂದಳೆಂಬ ಆರೋಪ ಹೊತ್ತು ಠಾಣೆಗೆ ಹೋದ ಗಿಡಮೂಲಿಕೆಯ ಜುಲ್ಮೀರ, ಇಸಾಲ್ತೀನಳ ತಾಯಿ, ಒಂಬತ್ತನೆಯ ದಿನ ಅಲ್ಲೇ ಕಣ್ಣು ಮುಚ್ಚಿ ಇಂದಿಗೆ ಇಪ್ಪತ್ತೆಂಟು ದಿನ.

ನಾಡಿದ್ದು ಮೂವತ್ತನೆಯ ದಿನದ ಪ್ರಾರ್ಥನೆ. ಪಾದ್ರಿ ಆ ಹೆಸರನ್ನು ಬಲಿಪೀಠದ ಮುಂದೆ ಓದುವುದಿಲ್ಲ ಎಂದು ಹೇಳಿಬಿಟ್ಟಿದ್ದರು. ಓದಿದರೆ ಅರ್ಧ ಇಗರ್ಜಿ ಎದ್ದು ಹೋಗುತ್ತದಂತೆ. ಊರಿನ ಅರ್ಧ ಜನರ ಜ್ವರ, ಬಾಣಂತನ, ಎದೆಬಡಿತ ನೋಡಿಕೊಂಡವಳ ಹೆಸರು! ಆ ಹೆಸರನ್ನು ಓದಿಸಬೇಕು, ಓದುವಾಗ ಯಜಮಾನನನ್ನು ನಿಜವಾಗಿ ಕೊಂದವಳು ಎಲ್ಲರೆದುರು ನಿಂತಿರಬೇಕು. ಇಸಾಲ್ತೀನಳಿಗೆ ಬೇಕಾಗಿದ್ದದ್ದು ಅಷ್ಟು ಎಂದು ಅವಳು ತನಗೆ ತಾನೇ ಹೇಳಿಕೊಂಡಿದ್ದಳು. ಬುಟ್ಟಿಯ ತಳದಲ್ಲಿದ್ದದ್ದು ಬೇರೆಯದನ್ನೇ ಹೇಳುತ್ತಿತ್ತು.

*

ಬಾಗಿಲು ತೆಗೆದವಳು ಯಜಮಾನನ ಹೆಂಡತಿ ಲೆಯೊಕಾದಿಯ. ಅರವತ್ತರ ಹೆಂಗಸು, ಕಪ್ಪು ಉಡುಪು, ಕೊರಳಿಗೆ ಮುತ್ತು. ಹೆಸರಿಗೆ ಮೊದಲು 'ದೋನ' ಎಂಬ ಗೌರವದ ಮಾತು ಸೇರಿಸದೆ ಅವಳನ್ನು ಕರೆಯುವ ಧೈರ್ಯ ಆ ಊರಿನಲ್ಲಿ ಯಾರಿಗೂ ಇರಲಿಲ್ಲ. ನದಿಯ ಕೆಳಗಿನ ಊರಿನ ಶಾಲಾಮೇಷ್ಟರ ಮಗಳೆಂದು ಪ್ರತೀತಿ. ಅವಳ ಗತ್ತಿಗೆ ಅದು ಒಪ್ಪುತ್ತಲೂ ಇತ್ತು.

"ಯಾಕ್ ಬಂದೆ?"

"ಎಲೆ ತಂದೆ."

"ನಾನು ಹೇಳಿ ಕಳ್ಸಿರ್ಲಿಲ್ಲ."

"ಹನ್ನೆರಡು ವರ್ಷ ಪ್ರತಿ ಶನಿವಾರ ಅಮ್ಮನೂ ಹೇಳಿ ಕಳಿಸ್ದೇನೇ ತರ್ತಿದ್ಲು, ದೋನ ಲೆಯೊಕಾದಿಯ."

ಲೆಯೊಕಾದಿಯ ಅವಳ ಮುಖವನ್ನೇ ನೋಡಿದಳು. ಆಮೇಲೆ ಪಕ್ಕಕ್ಕೆ ಸರಿದಳು. ಕೆಲಸದವಳು ಹಬ್ಬದ ಜೋಳ ತರಲು ಸಂತೆಗೆ ಹೋಗಿದ್ದಳು. ಅಡಿಗೆಮನೆಯಲ್ಲಿ ಇಬ್ಬರೇ.

ಕಿಟಕಿಯಾಚೆ ಹಿತ್ತಿಲ ಗೋಡೆಯುದ್ದಕ್ಕೂ ಕೊಲೋನಿಯ ಗಿಡ ಆಳೆತ್ತರ ಬೆಳೆದಿತ್ತು. ಶುಂಠಿಯ ಬಳಗದ್ದು. ಚಿಪ್ಪಿನಂಥ ಬಿಳಿ ಮೊಗ್ಗಿನ ಗೊಂಚಲು ಜೋತುಬಿದ್ದು, ಅರಳಿದಲ್ಲಿ ಒಳಗೆ ಹಳದಿ, ಕೆಂಪು. ಶ್ರೀಮಂತರು ಅದನ್ನು ನೆಡುವುದು ಅಂಗಳದ ಚೆಂದಕ್ಕೆ. ಜುಲ್ಮೀರಳಿಗೆ ಅದೇ ಔಷಧಾಲಯ. ರಕ್ತದೊತ್ತಡಕ್ಕೆ ಎಲೆಯ ಕಷಾಯ, ಸಕ್ಕರೆಯಿಲ್ಲದೆ, ದಿನಕ್ಕೆರಡು ಲೋಟ. ದುಃಖದಿಂದ ನಿದ್ದೆಗೆಟ್ಟವರಿಗೆ ಹೂವು ನೆನೆಸಿದ ನೀರು. ಮಂಡಿನೋವಿಗೆ ಬೇರನ್ನು ಜಜ್ಜಿ ಕಬ್ಬಿನ ಸಾರಾಯಿಯಲ್ಲಿ ಹಾಕಿದ್ದು. ಹೆದರಿದ ಮಕ್ಕಳಿಗೆ ಎಲೆ ಕಿವುಚಿದ ನೀರಿನ ಸ್ನಾನ. ಬಿಸಿಲೇರುವ ಮುಂಚೆ ಗಿಡದ ಅಪ್ಪಣೆ ಕೇಳಿ ಕೈಯಿಂದಲೇ ಮುರಿಯಬೇಕು, ಕಬ್ಬಿಣ ಸೋಕಿಸಬಾರದು. ಎಲೆಯನ್ನು ಇಡಿಯಾಗಿ ಒಣಗಿಸಿ ಇಡಿಯಾಗಿ ಕೊಡುತ್ತಿದ್ದಳು. ನಡುದಂಟಿನಲ್ಲೇ ಗಿಡದ ಜೀವ ಇರುವುದು ಎನ್ನುತ್ತಿದ್ದಳು.

ಪೊಟ್ಟಣದಲ್ಲಿದ್ದ ಒಂದೇ ಒಂದು ಕೊಲೋನಿಯ ಎಲೆಗೂ ನಡುದಂಟು ಇರಲಿಲ್ಲ.

ಇಸಾಲ್ತೀನ ಎರಡು ದಿನ ಅದನ್ನೇ ನೋಡುತ್ತ ಕುಳಿತಿದ್ದಳು. ಎಲೆ ಎರಡು ಹೋಳು, ನಡುವೆ ಅಂಚು ನೀಟಾಗಿ ಹರಿದಿದೆ, ಚಾಕುವಿನ ಗುರುತಿಲ್ಲ. ಜೊತೆಗೆ ಬೆರೆಸಿದ ಕಣಗಿಲೆ ಎಲೆಯ ತುಂಡುಗಳು. ಕಣಗಿಲೆ ವಿಷ ಎಂಬುದು ಎಲ್ಲರಿಗೂ ಗೊತ್ತು. ಆದರೆ ಎಲೆಯ ದಂಟನ್ನು ಹಾಗೆ ಬಿಡಿಸುವವರು ಬೇರೆಯೇ ಕಸುಬಿನ ಜನ. ಚುರುಟಿಗೆ ತಂಬಾಕಿನ ಎಲೆ ಹದ ಮಾಡುವ, ಕತ್ತಲೆ ಗೋದಾಮಿನ ಬೆಂಚಿನ ಮೇಲೆ ಬೆಳಗಿನಿಂದ ಸಂಜೆಯವರೆಗೂ ದಂಟು ಬಿಡಿಸುತ್ತ ಹಾಡು ಹೇಳುವ ಹೆಂಗಸರು. ಹತ್ತು ವರ್ಷ ಆ ಕೆಲಸ ಮಾಡಿದ ಕೈ ಎಲೆ ಕಂಡರೆ ಸುಮ್ಮನಿರುವುದಿಲ್ಲ.

ಈ ಮನೆಯಲ್ಲಿ ಕಷಾಯ ಕಾಯಿಸುತ್ತಿದ್ದವಳು ಒಬ್ಬಳೇ.

"ನಾಡಿದ್ದು ಇಗರ್ಜಿ ಮೆಟ್ಟಿಲು ತೊಳೆಯೋಕೆ ಪರಿಮಳದ ನೀರು ಮಾಡ್ಬೇಕು," ಇಸಾಲ್ತೀನ ಬುಟ್ಟಿಯ ಎಲೆಗಳನ್ನು ಮೇಜಿನ ಮೇಲೆ ಸುರಿದಳು. "ಅಮ್ಮನ ಮದ್ದು ತಗೊಂಡ ಪ್ರತಿ ಮನೆಯೋರೂ ಒಂದೊಂದು ಹಿಡಿ ಎಲೆ ತಮ್ಮ ಕೈಯಾರೆ ಆರಿಸಿ ಕೊಡ್ಬೇಕು. ಪದ್ಧತಿ."

ಅಂಥ ಪದ್ಧತಿ ಇರಲಿಲ್ಲ. ಅದು ಬರುವ ದಾರಿಯಲ್ಲಿ ಹುಟ್ಟಿದ್ದು.

"ನಾನು ಕೊಟ್ರೆ ಜನ ಏನಂತಾರೆ?"

"ಜನ ಈಗ ಏನೂ ಅಂತಿಲ್ವಾ? ಕೂತ್ಕೊಳ್ಳಿ. ಮುಖ ಊದಿದೆ ನಿಮ್ಮದು. ತಲೆ ಸುತ್ತುತ್ತಾ?"

"ಬೆಳಿಗ್ಗೆ ಎದ್ರೆ ಕಿವೀಲಿ ಗುಂಯ್ ಅನ್ನುತ್ತೆ."

"ಒಂದ್ ಲೋಟ ಕಾಯಿಸ್ತೀನಿ. ಅಮ್ಮ ಇದ್ದಾಗಿನ ಎಲೆ ಸ್ವಲ್ಪ ಉಳಿದಿದೆ."

ನೀರು ಒಲೆಯ ಮೇಲೇರಿತು. ಬೆನ್ನು ತಿರುಗಿಸಿ, ಪೊಟ್ಟಣ ಬಿಚ್ಚಿ, ಒಂದು ಹಿಡಿ ಪಾತ್ರೆಗೆ ಹಾಕಿದಳು.  

ಆಮೇಲೆ ತಿರುಗಿ, ಎದುರಿಗೆ ಕುಳಿತು, ಬಾಯಿಗೆ ಬಂದದ್ದು ಮಾತಾಡತೊಡಗಿದಳು. ಹಬ್ಬದ ಬೆಂಕಿಗೆ ಸೌದೆ ಸಾಲದು ಎಂದಳು. ಪಾದ್ರಿಗೆ ಹೊಸ ಕನ್ನಡಕ ಬಂದರೂ ಅದೇ ಹಳೆಯ ತಪ್ಪು ಓದುತ್ತಾರೆ ಎಂದಳು. ಲೆಯೊಕಾದಿಯ ಹೂಂಗುಟ್ಟುತ್ತ ಎಲೆಗಳನ್ನು ಸರಿಸುತ್ತಿದ್ದಳು. ಒಂದು ಎಲೆ, ಇನ್ನೊಂದು ಎಲೆ.

ಮೂರನೆಯ ಎಲೆ ಅವಳ ಮಡಿಲಿಗಿಳಿಯಿತು.

ಬಲಗೈ ಹೆಬ್ಬೆರಳ ಉಗುರು ತುದಿಯ ಹತ್ತಿರ ಮೆಲ್ಲಗೆ ಕೊರೆಯಿತು. ಎರಡು ಬೆರಳು ದಂಟನ್ನು ಹಿಡಿದವು. ಸರ್ರನೆ ಒಂದೇ ಎಳೆತ. ದಂಟು ದಾರದಂತೆ ಬಂದು ಬೆರಳಿಗೆ ಸುತ್ತಿಕೊಂಡಿತು. ಎರಡು ಹೋಳನ್ನೂ ಮೊಣಕಾಲ ಮೇಲೆ ಒಂದರ ಮೇಲೊಂದಿಟ್ಟು ಅಂಗೈಯಿಂದ ಸವರಿ ನೇರ ಮಾಡಿದಳು. ಇಷ್ಟೂ ಆಗುವಾಗ ಅವಳು ಕಿಟಕಿಯ ಕಡೆ ನೋಡುತ್ತ, "ಆ ಪಾದ್ರಿಗೆ ಮೊದ್ಲಿಂದ್ಲೂ ಹಾಗೇ," ಎನ್ನುತ್ತಿದ್ದಳು.

"ಯಾವ ಶಾಲೇಲಿ ಕಲಿಸಿದ್ರು ನಿಮ್ಮಪ್ಪ ಅದನ್ನ?" ಇಸಾಲ್ತೀನ ಕೇಳಿದಳು.

ಲೆಯೊಕಾದಿಯ ಮೊಣಕಾಲು ನೋಡಿಕೊಂಡಳು. ಮುಖದ ಬಣ್ಣ ಇಳಿದುಹೋಯಿತು.

"ಮೇಷ್ಟ್ರ ಮಗಳು! ನಲವತ್ತು ವರ್ಷ ಊರಿಗೆಲ್ಲ ಮಂಕುಬೂದಿ ಎರಚಿದ್ರಿ. ನಿಮ್ಮ ಹೆಬ್ಬೆರಳಿಗೆ ಎರಚೋಕಾಗ್ಲಿಲ್ಲ, ನೋಡಿ. ಪೊಟ್ಟಣದ ಎಲೆಗೆಲ್ಲ ದಂಟಿಲ್ಲ. ನನ್ನಮ್ಮ ದಂಟು ಮುಟ್ಟೋಳಲ್ಲ. ಅದು ಈ ಕೈ ಕಟ್ಟಿದ ಪೊಟ್ಟಣ. ವಿಷ ಬೆರೆಸಿದ್ದೂ ಈ ಕೈಯೇ. ಅಮ್ಮ ಠಾಣೇಲಿ ಒಂಬತ್ತು ದಿನ ಬರೀ ನೆಲದ ಮೇಲೆ ಮಲಗಿದ್ಲು. ನನಗೂ ಒಂದ್ ಲೋಟ ಎಲೆ ನೀರು ಕೊಡ್ರಪ್ಪಾ ಅಂತ ಕೇಳ್ತಿದ್ಲಂತೆ. ಯಾರೂ ಕೊಡ್ಲಿಲ್ಲ."

 

"ದಂಟು ಬಿಡಿಸ್ದೋಳು ನಾನೇ," ಲೆಯೊಕಾದಿಯ ಮೆಲ್ಲಗೆ ಹೇಳಿದಳು. "ಏಳನೇ ವಯಸ್ಸಿಂದ ಹತ್ತೊಂಬತ್ತರವರೆಗೆ ಮಾಡಿದ್ದು ಅದೊಂದೇ. ಯಜಮಾನ್ರು ನನ್ನನ್ನ ಬೆಂಚಿಂದ ಎಬ್ಬಿಸ್ಕೊಂಡು ಬಂದ್ರು. ಇಲ್ಲಿ ಅವರಿಗೆ ಬಿಟ್ರೆ ಗೊತ್ತಿದ್ದಿದ್ದು ನಿಮ್ಮಮ್ಮಂಗೆ ಮಾತ್ರ."

"ಅಮ್ಮಂಗೆ?"

"ಮೊದಲ್ನೇ ಶನಿವಾರವೇ ನನ್ನ ಹೆಬ್ಬೆರಳು ನೋಡಿದ್ಲು. ನಕ್ಕಳು, ಏನೂ ಅನ್ಲಿಲ್ಲ. ಹನ್ನೆರಡು ವರ್ಷ ಯಾರ ಹತ್ರನೂ ಅನ್ಲಿಲ್ಲ. ನಿನ್ನ ಹತ್ರ ಅಂದಿದ್ಲಾ?"

ಅಂದಿರಲಿಲ್ಲ. ಅಮ್ಮ ಯಾರ ಮನೆಯ ಗುಟ್ಟನ್ನೂ ಮಗಳ ಕಿವಿಗೆ ಹಾಕಿದವಳಲ್ಲ.

"ಯಜಮಾನ್ರು ದಂಟಿದ್ರೆ ಒಗರು ಅಂತಿದ್ರು. ನಿಮ್ಮಮ್ಮಂಗೆ ಹೇಳಿದ್ರೆ ಬೈತಾಳೆ. ಅದಕ್ಕೆ ಇಲ್ಲಿ ಕೂತು, ಅವಳು ಕೊಟ್ಟಿದ್ದನ್ನ ಒದ್ದೆಬಟ್ಟೇಲಿ ಸುತ್ತಿ ಮೆತ್ತಗೆ ಮಾಡಿ, ಬಿಡಿಸಿ ಇಡ್ತಿದ್ದೆ. ತಂಬಾಕಿಗೆ ಮಾಡೋ ಹಾಗೇ. ಅಷ್ಟು ಬಿಟ್ರೆ ಅವರಿಗೆ ನಾನು ಇನ್ನೇನೂ ಮಾಡ್ಲಿಲ್ಲ."

"ಚೆನ್ನಾಗಿ ಕಟ್ತೀರಿ ಕತೆ."

ಪಾತ್ರೆ ಕುದಿದು ಉಕ್ಕುತ್ತಿತ್ತು. ಇಸಾಲ್ತೀನ ಎದ್ದು ಲೋಟಕ್ಕೆ ಸೋಸಿ ತಂದು ಅವಳ ಮುಂದೆ ಕುಕ್ಕಿದಳು.

"ಹಾಗಿದ್ರೆ ಕುಡೀರಿ."

ಯೋಚನೆ ಸರಳವಾಗಿತ್ತು. ಕೊಂದವಳಾದರೆ ಬಣ್ಣ ನೋಡಿಯೇ ಗುರುತು ಹಿಡಿಯುತ್ತಾಳೆ, ಮುಟ್ಟುವುದಿಲ್ಲ, ಕಾಲಿಗೆ ಬೀಳುತ್ತಾಳೆ. ನಾಡಿದ್ದು ಇಗರ್ಜಿಯಲ್ಲಿ ಎಲ್ಲ ಹೇಳುತ್ತೇನೆ ಎಂದು ಗೋಗರೆಯುತ್ತಾಳೆ. ಕುಡಿದರೆ? ಕುಡಿದರೆ ಕುಡಿಯಲಿ. ಎರಡು ರಾತ್ರಿ ನಿದ್ದೆಯಿಲ್ಲದೆ ಇಸಾಲ್ತೀನ ಸೇಡನ್ನು ಅಷ್ಟಕ್ಕೇ ತಂದು ನಿಲ್ಲಿಸಿದ್ದಳು.

"ಇದು ಜುಲ್ಮೀರಳ ಕೈಯಿಂದ ಬಂದ ಎಲೆನಾ?" ಲೆಯೊಕಾದಿಯ ಕೇಳಿದಳು.

"ಹೂಂ."

"ಅವಳ ಕೈದಾದ್ರೆ ಕೊಡು. ಕೊನೇ ಸಲ."

ಎರಡೂ ಕೈಯಲ್ಲಿ ಲೋಟ ಹಿಡಿದು, ಕಣ್ಣು ಮುಚ್ಚಿ, ತುಟಿಗೆ ತಂದಳು. ಒಂದು ಕ್ಷಣದ ಅನುಮಾನವೂ ಆ ಮುಖದಲ್ಲಿ ಇರಲಿಲ್ಲ.

ಇಸಾಲ್ತೀನಳ ಕೈ ತಾನಾಗಿ ಬೀಸಿತು. ಲೋಟ ಗೋಡೆಗೆ ಬಡಿದು ಒಡೆಯಿತು. ಬಿಸಿ ನೀರು ಇಬ್ಬರ ಮೇಲೂ ಸಿಡಿಯಿತು.

"ಏನೇ ನಿಂಗೆ? ಹುಚ್ಚು ಹಿಡಿದಿದ್ಯಾ?"

"ಅದರಲ್ಲಿ ಕಣಗಿಲೆ ಇದೆ," ಇಸಾಲ್ತೀನ ಏದುಸಿರು ಬಿಟ್ಟಳು. "ನಿಮ್ಮನೆ ಪೊಟ್ಟಣ ಅದು. ಪೊಲೀಸ್ರು ತಗೊಂಡು ಹೋಗಿದ್ದು."

ತಪ್ಪಿತಸ್ಥೆಯಾಗಿದ್ದರೆ ಕುಡಿಯುತ್ತಿರಲಿಲ್ಲ. ಕುಡಿಯುವವಳು ಏನೂ ತಿಳಿಯದವಳೇ ಆಗಿರಬೇಕು. ಇಷ್ಟು ಸಣ್ಣ ವಿಷಯ ಎರಡು ರಾತ್ರಿಯಲ್ಲಿ ಒಮ್ಮೆಯೂ ತಲೆಗೆ ಬರಲಿಲ್ಲವಲ್ಲ! ಅವಳು ನೆಲದ ಮೇಲೆಯೇ ಕುಳಿತುಬಿಟ್ಟಳು.

ಲೆಯೊಕಾದಿಯ ಕುರ್ಚಿ ಹಿಡಿದು ನಿಂತಿದ್ದಳು. "ನನ್ನನ್ನ ಕೊಲ್ಲೋಕೆ ಬಂದಿದ್ಯಾ, ಹುಡುಗಿ?"

"ಹೌದು."

"ಒಳ್ಳೇದು. ಮುಖಕ್ಕೆ ಹೊಡೆದ ಹಾಗೆ ಹೇಳ್ತೀಯಲ್ಲ, ನಿಮ್ಮಮ್ಮನ ಹಾಗೇ." "ಆದ್ರೆ ಆ ಪೊಟ್ಟಣದಲ್ಲಿ ವಿಷ ಇರೋಕೆ ಸಾಧ್ಯವೇ ಇಲ್ಲ. ಆವತ್ತು ಬೆಳಿಗ್ಗೆ ಆರು ಗಂಟೆಗೆ ಒಂದೇ ಪಾತ್ರೇಲಿ ಕಾಯಿಸಿ ಇಬ್ರೂ ಕುಡಿದ್ವಿ. ದಿನಾ ಹಾಗೇ, ಅರ್ಧ ಅವರಿಗೆ ಅರ್ಧ ನನಗೆ. ನಾನು ಸತ್ತಿದೀನಾ? ಇದನ್ನೆಲ್ಲ ಠಾಣೇಲಿ ಹೇಳಿದೀನಲ್ಲ."

"ಏನು ಹೇಳಿದೀರಿ?" ಇಸಾಲ್ತೀನ ಎದ್ದಳು. ಅಮ್ಮನ ಪರ ನಿಂತಿದ್ದ ವಕೀಲ ತಂದುಕೊಟ್ಟ ಹೇಳಿಕೆಯ ಪ್ರತಿ ಬುಟ್ಟಿಯಲ್ಲೇ ಇತ್ತು. ಬಿಡಿಸಿ ಓದಿದಳು. "'ಸದರಿ ಕಷಾಯವನ್ನು ನಾನು ಎಂದೂ ಕುಡಿದವಳಲ್ಲ. ಎಲೆಗಳನ್ನು ಜುಲ್ಮೀರಳೇ ಸಿದ್ಧ ಮಾಡಿ, ಕಟ್ಟಿ, ಇಂತಿಷ್ಟು ಹಾಕಬೇಕೆಂದು ಹೇಳಿ ಕೊಡುತ್ತಿದ್ದಳು.'"

"ನಾನು ಹಾಗಂದೇ ಇಲ್ಲ!"

"ಕೆಳಗೆ ನಿಮ್ಮ ಸಹಿ ಇದೆ."

ಲೆಯೊಕಾದಿಯ ಕಾಗದವನ್ನು ತೆಗೆದುಕೊಂಡಳು, ಕಣ್ಣಿನ ಹತ್ತಿರ ಹಿಡಿದಳು, ಮೇಜಿನ ಮೇಲಿಟ್ಟಳು. ಅದು ತಲೆಕೆಳಗಾಗಿತ್ತು.

"ಸಹಿ ಅವರು ಹೇಳಿಕೊಟ್ರು, ಮದ್ವೆ ಆದ್ಮೇಲೆ," ಎಂದಳು. "ಅದೊಂದೇ ಬರೋದು. ಮೇಷ್ಟ್ರ ಮಗಳು ಓದೋಕೆ ಬರಲ್ಲ ಅಂತ ಠಾಣೇಲಿ ಹೇಗೆ ಹೇಳ್ಲಿ? ಬರ್ಕೊಂಡೋನು ಓದಿ ಹೇಳ್ದ. ನಾನು ಹೇಳಿದ್ದನ್ನೇ ಓದಿದ. ಸಹಿ ಹಾಕ್ದೆ."

ಬರೆದುಕೊಂಡವನು ಯಾರೆಂದು ಕೇಳುವ ಅಗತ್ಯ ಇರಲಿಲ್ಲ. ಆ ಠಾಣೆಗೆ ಇದ್ದದ್ದು ಒಬ್ಬನೇ ರೈಟರ್.

ಇಸಾಲ್ತೀನ ಬಗ್ಗಿ ಪೊಟ್ಟಣದಲ್ಲಿ ಉಳಿದದ್ದನ್ನು ಮೇಜಿನ ಮೇಲೆ ಹರಡಿದಳು. ಕೊಲೋನಿಯ ಹೋಳುಗಳನ್ನು ಒಂದು ಕಡೆಗೆ, ಕಣಗಿಲೆ ತುಂಡುಗಳನ್ನು ಇನ್ನೊಂದು ಕಡೆಗೆ ಸರಿಸಿದಳು. ಕಣಗಿಲೆಯವು ಕತ್ತರಿಯಿಂದ ಅಡ್ಡಡ್ಡ ಕತ್ತರಿಸಿದವು. ಒಂದನ್ನು ಬೆಳಕಿಗೆ ಹಿಡಿದಳು.

"ದಂಟಿದೆ."

"ಏನು?"

"ಇದರಲ್ಲಿ ನಡುದಂಟು ಹಾಗೇ ಇದೆ. ಎಲ್ಲದರಲ್ಲೂ."

ಲೆಯೊಕಾದಿಯ ಒಂದು ತುಂಡನ್ನು ಕೈಗೆತ್ತಿಕೊಂಡಳು. ಅವಳ ಹೆಬ್ಬೆರಳು ಅದರ ಮೇಲೆ ತಾನಾಗಿ ಹರಿದಾಡಿತು. ಅವಳಿಗೂ ಅರ್ಥವಾಯಿತು.

"ಬೆರಳಗಲದ ಎಲೆ ಆದ್ರೂ ನನ್ನ ಕೈ ಬಿಡ್ತಿರ್ಲಿಲ್ಲ," ಎಂದಳು. "ಇದನ್ನ ಹಾಕಿದೋನು ಗೋದಾಮಿನ ಬೆಂಚು ಕಂಡೋನಲ್ಲ."

'ನನ್ನ ಎಲೆ ಈ ಮನೆಯಿಂದ ಶುದ್ಧವಾಗಿ ಹೋಯಿತು, ಠಾಣೆಯ ಬೀರುವಿನಲ್ಲಿ ವಿಷವಾಯಿತು.' ಅಮ್ಮ ಬದುಕಿದ್ದರೆ ಹಾಗೆಂದೇ ಹೇಳುತ್ತಿದ್ದಳು.

"ಆವತ್ತು ಯಜಮಾನ್ರು ಬೇರೆ ಏನು ತಗೊಂಡ್ರು? ನೆನಪು ಮಾಡ್ಕೊಳ್ಳಿ."

"ಇನ್ನೇನು, ಗೋಧಿ ರೊಟ್ಟಿ, ಕಾಫಿ. ಆಮೇಲೆ ಏಳು ಗಂಟೆಗೆ ದೆರಾಲ್ದು ಬಂದ. ಹಬ್ಬಕ್ಕೆ ಜೆನಿಪಾಪು ಹಣ್ಣಿನ ಮದ್ಯ ಇಟ್ಟಿದ್ದನಂತೆ, ಮೊದಲ್ನೇ ಶೀಸೆ, ರುಚಿ ನೋಡಿ ಹೇಳಿ ಅಂತ. ಬೆಳಿಗ್ಗೆ ಬೆಳಿಗ್ಗೆ ಕುಡೀಬೇಡಿ ಅಂತ ನಾನು ಬೈದೆ. ಒಂದೇ ಲೋಟ ಕಣೇ ಅಂದ್ರು."

"ಆ ಲೋಟ?"

"ಅವನೇ ತೊಳೆದಿಟ್ಟು ಹೋದ." ಲೆಯೊಕಾದಿಯ ಬಾಯಿ ಮೇಲೆ ಕೈಯಿಟ್ಟುಕೊಂಡಳು. "ಎಷ್ಟು ಒಳ್ಳೇ ಗಂಡಸು ಅಂದ್ಕೊಂಡೆ."

ಯಾಕೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಹಗೆ ಇತ್ತೆಂದು ಯಾರೂ ಹೇಳಿರಲಿಲ್ಲ. ಇಬ್ಬರೂ ಗಂಡಸರು ಭಾನುವಾರ ಜೊತೆಯಲ್ಲಿ ಡಾಮಿನೊ ಆಡುತ್ತಿದ್ದರು.

ಇಸಾಲ್ತೀನ ಉಳಿದ ಎಲೆಗಳನ್ನು ಪೊಟ್ಟಣಕ್ಕೆ ತುಂಬಿ ಲೆಯೊಕಾದಿಯಳ ಕೈಗಿಟ್ಟಳು. "ಇದನ್ನ ಬಚ್ಚಿಡಿ. ಬಾಗಿಲು ಹಾಕ್ಕೊಳ್ಳಿ, ಯಾರು ಕೂಗಿದ್ರೂ ತೆಗೀಬೇಡಿ. ನಾಡಿದ್ದು ಇಗರ್ಜಿಗೆ ಬರ್ತೀರಾ?"

"ಬರ್ತೀನಿ."

"ಎಲ್ರೆದುರು ಹೇಳ್ತೀರಾ?"

"ಅರ್ಧ ಲೋಟ ನಾನೂ ಕುಡಿದೆ ಅಂತ ಹೇಳ್ತೀನಿ. ದಂಟು ಬಿಡಿಸ್ತಿದ್ದೋಳು ಅಂತಾನೂ ಹೇಳ್ತೀನಿ. ಓದೋಕೆ ಬರಲ್ಲ ಅಂತಾನೂ." ಅವಳು ಮುತ್ತಿನ ಸರವನ್ನು ಸರಿಪಡಿಸಿಕೊಂಡಳು. "ಇದನ್ನೆಲ್ಲ ಆವತ್ತೇ ಎಲ್ರೆದುರು ಹೇಳಿದ್ರೆ ನಿಮ್ಮಮ್ಮ ಬದುಕ್ತಿದ್ಲು. ನಿನ್ನ ವಿಷದ ಲೋಟ ನನಗೆ ಪೂರಾ ಸಲ್ಲದ್ದೇನಲ್ಲ, ಇಸಾಲ್ತೀನ."

ಅದು ನಿಜವಾಗಿತ್ತು. ಕ್ಷಮಿಸುವ ಮನಸ್ಸು ಇಸಾಲ್ತೀನಳಿಗೆ ಬರಲಿಲ್ಲ. ಆದರೆ ಹೊರಡುವ ಮುಂಚೆ ಒಡೆದ ಲೋಟದ ಚೂರುಗಳನ್ನು ಗುಡಿಸಿಟ್ಟಳು.

*

ಚೌಕದಲ್ಲಿ ಬಣ್ಣದ ಕಾಗದ ಕಟ್ಟುವವರು ಏಣಿ ಸರಿಸುತ್ತಿದ್ದರು. ದೆರಾಲ್ದು ಅದೇ ಬೆಂಚಿನ ಮೇಲೆ, ಟೋಪಿಯಿಂದ ಗಾಳಿ ಬೀಸಿಕೊಳ್ಳುತ್ತ ಕುಳಿತಿದ್ದ. ಅವಳು ಮುಖವನ್ನು ಆದಷ್ಟು ಬರಿದು ಮಾಡಿಕೊಂಡು ಬಂದಳು. ಒಳಗೆ ಒಂದು ಆಸೆ ಇನ್ನೂ ಉಳಿದಿತ್ತು. ಹೇಳಿಕೆ ಬರೆಯುವಾಗ ಮೇಲಿನವರು ಬೆದರಿಸಿರಬಹುದು. ಬೀರುವಿನ ಬೀಗದ ಕೈ ಬೇರೆಯವರ ಹತ್ತಿರವೂ ಇದ್ದಿರಬಹುದು. ಅಮ್ಮನ ಪೆಟ್ಟಿಗೆ ಹೊತ್ತ ಹೆಗಲು ಅದು.

ಅವನು ಅವಳನ್ನು ಕೂರಲೂ ಬಿಡಲಿಲ್ಲ. ತಗ್ಗಿದ ದನಿಯಲ್ಲಿ ಕೇಳಿದ.

"ಕುಡಿದ್ಲಾ?"

ಪೊಟ್ಟಣವನ್ನು ಒಲೆಗೆ ಹಾಕಿದೆನೆಂದು ಅವಳು ಹೇಳಿದ್ದಳು. ಕೇಳುತ್ತೇನೆ, ಅಷ್ಟೇ ಎಂದಿದ್ದಳು. ಅವನು ಎರಡನ್ನೂ ನಂಬಿರಲಿಲ್ಲ. ಅವಳು ಸುಡದೆ ಬಳಸಲಿ ಎಂದೇ ಆ ಪೊಟ್ಟಣವನ್ನು, ತಾಯಿ ಸತ್ತ ಸಿಟ್ಟಿನಲ್ಲಿ ಕುದಿಯುತ್ತಿದ್ದ ಹೆಂಗಸಿನ ಕೈಗೆ ತಂದಿಟ್ಟಿದ್ದ. ಅರ್ಧ ಲೋಟ ತಾನೂ ಕುಡಿದೆ ಎಂದು ಹೇಳಬಲ್ಲ ಬಾಯಿ ಲೋಕದಲ್ಲಿ ಒಂದೇ ಇತ್ತು. ಅದನ್ನು ಮುಚ್ಚಿಸಲು ಅವನಿಗೆ ಇವಳು ಬೇಕಾಗಿತ್ತು.

ಎರಡು ದಿನದಿಂದ ದಾರಿ ತಪ್ಪಿ ಅಲೆಯುತ್ತಿದ್ದ ಸೇಡು ಈಗ ಸರಿಯಾದ ಮನೆಗೆ ಬಂದು ನಿಂತಿತ್ತು.

"ಕುಡಿದ್ಲು," ಎಂದಳು.

"ಪೂರ್ತಿ?"

"ಪೂರ್ತಿ."

ದೆರಾಲ್ದು ಉದ್ದಕ್ಕೆ ಉಸಿರು ಬಿಟ್ಟ. ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡ. ಆಮೇಲೆ ಪಕ್ಕದ ಬಟ್ಟೆಚೀಲಕ್ಕೆ ಕೈಹಾಕಿ ಕಂದು ಬಣ್ಣದ ಒಂದು ಶೀಸೆ ತೆಗೆದ, ಜೊತೆಗೆ ಪುಟ್ಟದೊಂದು ಗಾಜಿನ ಲೋಟ.

"ಬಿಸಿಲಲ್ಲಿ ನಡ್ಕೊಂಡು ಬಂದಿದೀಯ. ತಗೋ, ಜೆನಿಪಾಪುದು, ನಾನೇ ಮಾಡಿದ್ದು. ನಿಮ್ಮಮ್ಮನ ಹೆಸರಲ್ಲಿ ಒಂದು ಗುಟುಕು."

"ನಿಮಗೆ, ಅಣ್ಣ?"

"ಗಂಟಲು ಕೆಟ್ಟಿದೆ ಕಣಮ್ಮ. ನೀನು ಕುಡಿ."

ಲೋಟ ಅಂಚಿನವರೆಗೂ ತುಂಬಿತು. ಅವಳು ಅದನ್ನು ಎರಡು ಬೆರಳಲ್ಲಿ ತೆಗೆದುಕೊಂಡಳು. ಅಲ್ಲಿ ಯಾರೇ ಕುಡಿದರೂ ಮೊದಲ ಹನಿ ಸಂತರಿಗೆ ಸಲ್ಲಬೇಕು. ಅವಳು ಒಂದಿಷ್ಟನ್ನು ನೆಲಕ್ಕೆ ಚೆಲ್ಲಿದಳು. ಏಣಿಯ ಮೇಲಿದ್ದವರು ನೋಡಲಿ ಎಂದು ದನಿ ಎತ್ತರಿಸಿ ನಕ್ಕಳು.

"ಸಂತರ ಪಾಲು ಆಯ್ತು," ಎಂದು ಲೋಟವನ್ನು ಅವನ ತುಟಿಯ ಹತ್ತಿರಕ್ಕೆ ಹಿಡಿದಳು. "ಇನ್ನು ಹಿರಿಯರ ಪಾಲು. ಅಮ್ಮನ ಪೆಟ್ಟಿಗೆ ಹೊತ್ತೋರು ನೀವು. ಮೊದಲು ನೀವೇ ಕುಡೀಬೇಕು, ದೆರಾಲ್ದಣ್ಣ. ನೋಡಿ, ಎಲ್ರೂ ನೋಡ್ತಿದಾರೆ."

ಅವನ ನಗು ಮುಖದ ಮೇಲೆ ಹಾಗೇ ಉಳಿಯಿತು. ಕೈ ಮಾತ್ರ ಮುಂದೆ ಬರಲಿಲ್ಲ.